ಮೊಳೆ ಕಚ್ಚಲಾರದ ಹುಡುಗಿ

ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವವರು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಕೆಲಸ ಮಾಡುತ್ತಾರೆ. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿಯಬೇಕು, ಇನ್ನೊಂದು ಸುತ್ತಿಗೆ ಹೊಡೆಯಬೇಕು. ಮೊಳೆಗೆ ಬಾಯಿಯಲ್ಲದೆ ಬೇರೆ ನೆಲೆಯಿಲ್ಲ. ಹೀಗಾಗಿ ಅದು ಮೌನಿಗಳ ಕಸುಬು. ಮೇಸ್ತ್ರಿಯ ಅಂಗಡಿಯಲ್ಲಿ ಇದಕ್ಕೆ ಒಂದೇ ಒಂದು ಅಪವಾದವಿತ್ತು. ಇಪ್ಪತ್ತೆರಡರ ಆ ಹುಡುಗಿಯ ಬಾಯಲ್ಲಿ ಮೊಳೆ ನಿಲ್ಲುತ್ತಿರಲಿಲ್ಲ. ನಗು ಬಂದರೆ ಉದುರುತ್ತಿತ್ತು, ಹಾಡು ಬಂದರೆ ಉದುರುತ್ತಿತ್ತು, ಇವೆರಡೂ ಬಾರದ ಗಳಿಗೆಯೇ ಅವಳಿಗಿರಲಿಲ್ಲ. ಅರಳು ಹುರಿದಂತೆ ಮಾತಾಡುವವಳಿಗೆ ಮೇಸ್ತ್ರಿ ಇಟ್ಟ ಹೆಸರು ಅರಳು.

ಹಳೆಯ ಪರದೆಯ ಬಟ್ಟೆಯಿಂದ ತಾನೇ ಹೊಲಿದುಕೊಂಡ ಏಪ್ರನ್ ತೊಟ್ಟು, ಬಸ್ಸು ತಪ್ಪಿಹೋಗುತ್ತದೆಂಬಂತೆ ಮುಂಗಾಲಿನ ಮೇಲೆ ನಡೆಯುತ್ತಿದ್ದಳು. ಏಪ್ರನ್ನಿನ ಜೇಬಿನಲ್ಲಿ ಗುರುತು ಹಾಕುವ ಸೀಮೆಸುಣ್ಣದ ಜೊತೆಗೇ ಜಪಸರ. ಅದರ ಕಪ್ಪು ಮಣಿಗಳೆಲ್ಲ ಬೆಳ್ಳಗಾಗಿದ್ದವು. ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ಆರಾಧನೆ ಮುಗಿದ ಮೇಲೆ ಅಲ್ಲಿನ ಯುವಕ ಯುವತಿಯರೊಡನೆ ಗಿಟಾರ್ ಹಿಡಿದು ಆಸ್ಪತ್ರೆಯ ವಾರ್ಡುಗಳಿಗೆ, ಬಸ್ ನಿಲ್ದಾಣಕ್ಕೆ ಹೋಗಿ ಹಾಡುವುದು, ಯಾರಾದರೂ ನಿಂತರೆ ಯೇಸುವಿನ ಮಾತು ಹೇಳುವುದು, ಯಾರೂ ನಿಲ್ಲದಿದ್ದರೆ ಇನ್ನೊಂದು ಹಾಡು ಹೇಳುವುದು ಅವಳ ವಾಡಿಕೆ. ಸೋಮವಾರ ಅದರ ವರದಿ ಅಂಗಡಿಗೆ ಬರುತ್ತಿತ್ತು.

ಮೇಸ್ತ್ರಿ ದೇವರ ತಂಟೆಗೆ ಹೋಗದ ಮನುಷ್ಯ. ಆದರೆ ಯಾವುದೇ ವಸ್ತುವಿನ ಒಳಗೇನಿದೆಯೆಂದು ಬಿಚ್ಚಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಈ ಹುಡುಗಿಯ ಒಳಗೆ ಎಂಥ ಸ್ಪ್ರಿಂಗ್ ಇದೆಯೆಂಬುದು ಅವನ ಬಹುದಿನದ ಕುತೂಹಲವಾಗಿತ್ತು. ಒಮ್ಮೆ ಕೇಳಿಯೂಬಿಟ್ಟ.

“ಏ ಅರಳು, ನಿಂಗೆ ಬೆಳಗಾಗೆದ್ದು ಇಷ್ಟು ಖುಷಿ ಎಲ್ಲಿಂದ ಬರುತ್ತೆ?”

“ನನ್ನನ್ನ ಒಬ್ಬರು ಪ್ರೀತಿಸ್ತಾರೆ ಅಂತ ಗೊತ್ತಾಯ್ತು ಮೇಸ್ತ್ರಿ. ಗೊತ್ತಾದ್ಮೇಲೆ ಸುಮ್ನೆ ಹೇಗೆ ಕೂರೋದು?”

“ಯಾರೇ ಅವನು? ಮನೇಲಿ ಗೊತ್ತಾ?”

“ಯೇಸು ಮೇಸ್ತ್ರಿ! ನಮ್ಮಮ್ಮಂಗೆ ನನಗಿಂತ ಮೊದಲೇ ಗೊತ್ತು. ಭಾನುವಾರ ಬನ್ನಿ, ನಿಮಗೂ ಪರಿಚಯ ಮಾಡಿಸ್ತೀನಿ.”

“ಅವರಿಗೆ ಸೋಫಾ ರಿಪೇರಿ ಇದ್ರೆ ಕಳಿಸು,” ಎಂದು ಮೇಸ್ತ್ರಿ ಮತ್ತೆ ಮೊಳೆ ಕಚ್ಚಿಕೊಂಡ.

ಹೀಗಿರುತ್ತ ಒಂದು ಮಧ್ಯಾಹ್ನ, ಬಾಗಿದ ಸೂಜಿ ಅವನ ಬೆರಳುಗಳಿಂದ ಮತ್ತೆ ಮತ್ತೆ ಜಾರಿ ಬಿತ್ತು. ಅವಳು ಎತ್ತಿಕೊಟ್ಟಳು. ಆಗ ಅವನು ಹೆಂಡತಿಗೂ ಹೇಳದ ಸಂಗತಿಯನ್ನು ಹೇಳಿದ: ಕೆಲವು ತಿಂಗಳಿಂದ ಬಲಗೈ ನಡುಗುತ್ತಿದೆ. ದೊಡ್ಡ ಹೋಟೆಲೊಂದರ ಊಟದ ಕೋಣೆಯ ಕುರ್ಚಿಗಳೆಲ್ಲ ಅವನ ಅಂಗಡಿಗೆ ಬರುವುದರಲ್ಲಿದ್ದವು. ಆ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ತಪ್ಪಿದರೆ ಬಾಗಿಲು ಹಾಕಬೇಕು. “ಯಾರ ಕಿವಿಗೂ ಬೀಳಬಾರದು,” ಎಂದ. ಅವಳು ತಲೆಯಾಡಿಸಿದಳು. ಅವಳು ಸುಳ್ಳಾಡಲಿಲ್ಲ, ದೇವರನ್ನು ಆ ‘ಯಾರ’ ಪಟ್ಟಿಯಲ್ಲಿ ಸೇರಿಸಿರಲಿಲ್ಲ, ಅಷ್ಟೆ.

ಆ ಭಾನುವಾರ ಚರ್ಚಿನಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಓದುವ ಸರದಿ ಅವಳ ಯುವಕ ಯುವತಿಯರ ಗುಂಪಿನದು. ಜಗತ್ತಿನ ಶಾಂತಿಗಾಗಿ, ರೋಗಿಗಳಿಗಾಗಿ ಬೇಡಿಕೊಂಡಾದ ಮೇಲೆ ಅವಳು ಮೈಕಿನ ಮುಂದೆ ನಿಂತು ತುಂಬುಹೃದಯದಿಂದ, “ನನ್ನ ಮೇಸ್ತ್ರಿಯ ನಡುಗುತ್ತಿರುವ ಬಲಗೈಗಾಗಿ ಪ್ರಾರ್ಥಿಸೋಣ,” ಎಂದಳು. “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ,” ಎಂದು ಇಡೀ ಸಭೆ ಒಕ್ಕೊರಲಿನಿಂದ ಉತ್ತರಿಸಿತು. ಹಾಗೆ ಉತ್ತರಿಸಿದವರಲ್ಲಿ ಹೋಟೆಲಿನ ಮ್ಯಾನೇಜರೂ ಒಬ್ಬರು.

ಮರುದಿನ ಅವರ ಫೋನ್ ಬಂತು. ದನಿಯಲ್ಲಿ ನಿಜವಾದ ಮರುಕವಿತ್ತು. “ವಿಶ್ರಾಂತಿ ತಗೊಳ್ಳಿ ಮೇಸ್ತ್ರಿ. ನಾವೆಲ್ಲ ನಿಮಗೋಸ್ಕರ ಬೇಡಿಕೊಳ್ತಾ ಇದೀವಿ. ಕುರ್ಚಿ ಕೆಲಸ ಬೇರೆಯವರಿಗೆ ಕೊಡ್ತೀವಿ, ನೀವೇನೂ ಚಿಂತೆ ಮಾಡ್ಬೇಡಿ.”

ಮೇಸ್ತ್ರಿ ಫೋನ್ ಕೆಳಗಿಟ್ಟು ಅವಳ ಕಡೆ ತಿರುಗಿದ.

“ನಿನ್ನ ದೇವರಿಗೇನು ಕಿವಿ ಮಂದವಾ? ಮೈಕ್ ಹಾಕಿ ಹೇಳ್ಬೇಕಿತ್ತಾ?”

ಅವಳ ಮುಖ ಸುಣ್ಣ ಬಳಿದ ಗೋಡೆಯಾಯಿತು. ಇನ್ನು ಉಪದೇಶ ಬರುತ್ತದೆ, ದೇವರ ಚಿತ್ತ ಗಿತ್ತ ಎನ್ನುತ್ತಾಳೆ ಎಂದು ಅವನು ಕಾದ. ಬರಲಿಲ್ಲ. “ತಪ್ಪು ನಂದೇ ಮೇಸ್ತ್ರಿ. ಇದಕ್ಕೆ ದೇವರನ್ನ ಅಡ್ಡ ಹಿಡಿಯಲ್ಲ,” ಎಂದವಳೇ ಏಪ್ರನ್ ಬಿಚ್ಚಿ ಹೊರಟಳು. ಕೆಲಸ ಬಿಟ್ಟು ಹೋದಳೆಂದೇ ಅವನು ಭಾವಿಸಿದ.

ಸಂಜೆಯ ಹೊತ್ತಿಗೆ ಹೋಟೆಲಿನ ಒಂದು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬಂದಳು. “ಮ್ಯಾನೇಜರ್ ಹತ್ರ ಹೋಗಿ, ನಾನು ಹೇಳಬಾರದ್ದನ್ನ ಹೇಳ್ದೆ, ನೀವು ಕೇಳಬಾರದ್ದನ್ನ ಕೇಳಿಸ್ಕೊಂಡ್ರಿ, ನಮ್ಮಿಬ್ಬರ ತಪ್ಪಿಗೆ ಮೇಸ್ತ್ರಿ ಅನ್ನ ಕಿತ್ಕೋಬೇಡಿ ಅಂದೆ. ಒಂದು ಮಾಡಿ ತೋರಿಸಿ ಅಂದ್ರು.”

ಮೇಸ್ತ್ರಿ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಬೆರಳು ತೋರಿಸಿದ, ಅಷ್ಟೆ. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಅವನ ಕಣ್ಣು ಹೇಳಿತು, ಅವಳ ಕೈ ಕೇಳಿತು. ಮೂರನೆಯ ದಿನ, ಮೂಲೆಯ ಮಡಿಕೆಯನ್ನು ಒತ್ತಿ ನೋಡುತ್ತ ಅವನೇ ಬಾಯಿ ತೆರೆದ.

“ನನಗೋಸ್ಕರ ಬೇಡ್ಕೊಳ್ಳೋದು ನಿಲ್ಲಿಸಿದ್ಯಾ?”

“ಇಲ್ಲ ಮೇಸ್ತ್ರಿ. ಜೋರಾಗಿ ಬೇಡ್ಕೊಳ್ಳೋದು ನಿಲ್ಲಿಸಿದೀನಿ.”

ಅವನಿಗೆ ನಗು ತಡೆಯಲಾಗಲಿಲ್ಲ. ಸುಖದ ದಿನಗಳಲ್ಲಿ ಕಂಡ ಅವಳ ಉಲ್ಲಾಸವನ್ನು ಅವನು ವಯಸ್ಸಿನ ಗುಣವೆಂದು ತಿಳಿದಿದ್ದ. ಈ ಮೂರು ದಿನ ಅದೇ ಉಲ್ಲಾಸ ತಲೆತಗ್ಗಿಸಿ, ಅವನ ಮುನಿಸನ್ನು ನುಂಗಿ, ಮುರಿಯದೆ ಕೂತಿದ್ದನ್ನು ನೋಡಿದ ಮೇಲೆ ಅದು ಎಲ್ಲಿಂದ ಬರುತ್ತದೆಂಬ ಕುತೂಹಲ ತೀರುವ ಬದಲು ಹೆಚ್ಚಾಯಿತು.

ಕುರ್ಚಿಯನ್ನು ನೋಡಲು ಮ್ಯಾನೇಜರ್ ತಾವೇ ಬಂದರು. ಕೂತರು, ಒರಗಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಅವರು ಕೇಳುವ ಮೊದಲೇ ಮೇಸ್ತ್ರಿ ತನ್ನ ಬಲಗೈಯನ್ನು ಮುಂದೆ ಚಾಚಿ, “ನಡುಗುತ್ತೆ ಸ್ವಾಮಿ, ನೋಡಿ. ಹೊಲಿಗೆ ಇವಳದು, ಲೆಕ್ಕಾಚಾರ ನಂದು,” ಎಂದ. ಹೊರಗಿನವರೊಬ್ಬರಿಗೆ ಮೊದಲ ಬಾರಿಗೆ ಅದನ್ನು ತಾನೇ ಹೇಳಿದ. ಅರಳು ಪಕ್ಕದಲ್ಲಿ ತುಟಿ ಬಿಗಿದು ನಿಂತಿದ್ದಳು. ಮ್ಯಾನೇಜರ್ ಉಳಿದ ಕುರ್ಚಿಗಳನ್ನು ಕಳಿಸುವುದಾಗಿ ಹೇಳಿ ಹೋದರು.

ಸಂತೋಷವನ್ನು ಒಬ್ಬರೇ ಇಟ್ಟುಕೊಳ್ಳಲಾರದ ಎಳೆಯರ ಜಾತಿಯೊಂದಿದೆ. ಸಿಕ್ಕ ಒಳಿತನ್ನು ಬೀದಿಗೆಲ್ಲ ಹಂಚುವ ಭರದಲ್ಲಿ ಅವರು ಪರರ ಮುಚ್ಚಿದ ಬಾಗಿಲನ್ನೂ ತಳ್ಳಿಬಿಡುತ್ತಾರೆ. ಜನ ಬೈಯುತ್ತಾರೆ, ಬೈಯುವುದರಲ್ಲಿ ನ್ಯಾಯವೂ ಇರುತ್ತದೆ. ಆದರೆ ಅವರ ಹಾಡನ್ನು ಕೇಳಿ ನಂಬುವವರು ಕಡಿಮೆ. ತಪ್ಪು ಮಾಡಿ, ಅದನ್ನು ಒಪ್ಪಿ, ಹೊತ್ತುಕೊಂಡು ಅದೇ ಬಾಗಿಲಿಗೆ ಅವರು ಮರಳಿ ಬರುತ್ತಾರಲ್ಲ, ಆಗ ಮಾತ್ರ ಒಳಗಿದ್ದವನು, ಇವರನ್ನು ಕಳಿಸಿದವರು ಯಾರಿರಬಹುದು ಎಂದು ಒಂದು ಸಲ ಯೋಚಿಸುತ್ತಾನೆ.