ರನ್‌ವೇ ದಾಟುವ ಮಾತು

"ಸ್ವಲ್ಪ ಮೇಲೆತ್ರಪ್ಪಾ, ಗೇಟಿಗೆ ತಾಗುತ್ತೆ!" ಎಂದು ಸೊಸೆಯ ಗಂಡ ಕೂಗಿದ.

ಹೆಗಲುಗಳ ಮೇಲಿನ ಶವಪೆಟ್ಟಿಗೆ ಓರೆಯಾಗಿ ಉದ್ಯಾನದೊಳಕ್ಕೆ ಬಂತು. ಹಿಂದೆ ಸೊಸೆ ತಲೆ ತಗ್ಗಿಸಿ ನಡೆಯುತ್ತಿದ್ದಳು. ಮಾವನನ್ನು ಹೂಳುವ ಜಾಗ ಉದ್ಯಾನದ ಆಚೆ ಬದಿಗೆ. ನಡುವೆ ಹಳೇ ರನ್‌ವೇ. ವಿಮಾನ ನಿಲ್ದಾಣ ಮುಚ್ಚಿ ಯಾವ ಕಾಲವಾಯಿತೋ, ಈಗ ಅದರ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಹೊಟ್ಟೆ ಬಂದವರು ಬೆಳಗ್ಗೆದ್ದು ಏದುಸಿರು ಬಿಡುತ್ತ ಓಡುತ್ತಾರೆ.

"ಮಳೇಲಿ ಅಷ್ಟು ಹೊತ್ತು ಯಾಕೆ ನಿಂತ್ರೋ ಅಪ್ಪ," ಎಂದಳು ನಾದಿನಿ, ಮೂಗು ಒರೆಸಿಕೊಳ್ಳುತ್ತ. "ಹಠ, ಇನ್ನೇನು. ಪಾಪ, ಅತ್ತಿಗೆ ಎಷ್ಟು ಕರೆದ್ರೂ ಬರಲಿಲ್ವಂತೆ."

ಕರೆದೆ ಎಂದು ಹೇಳಿದವಳು ಸೊಸೆಯೇ. ಈಗ ಮನೆಗೆ ಬಂದವರೆಲ್ಲರ ಬಾಯಲ್ಲೂ ಅದೇ ಮಾತು, ಮೇಲಿಂದ ಅವಳಿಗೇ ಸಮಾಧಾನ ಹೇಳುವುದು ಬೇರೆ. ನಾಚಿಕೆಯಿಂದ ಅವಳ ಮೈ ಹಿಡಿಯಾಗುತ್ತಿತ್ತು.

*

ಮಾವ ಆ ನಿಲ್ದಾಣದಲ್ಲಿ ಟ್ರಾಕ್ಟರ್ ಓಡಿಸಿ ಹುಲ್ಲು ಕತ್ತರಿಸುತ್ತಿದ್ದವರು. ವಿಮಾನಗಳಿಗೆ ದಾರಿ ಹೇಳುವ ಟವರಿನಿಂದ ಅಪ್ಪಣೆ ಬರದೆ ರನ್‌ವೇ ದಾಟುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ಟ್ರಾಕ್ಟರ್ ಹೋಯಿತು, ಟವರಿನ ಕೆಳಗೆ ಚಹಾದಂಗಡಿ ಬಂತು, ಮಾವನ ಕಾಲು ಮಾತ್ರ ಆ ಅಂಚಿಗೆ ಬಂದರೆ ಬ್ರೇಕು ಹಾಕುತ್ತಿತ್ತು.

"ಏನಪ್ಪಣೆ, ಟವರಮ್ಮ?" ಎನ್ನುತ್ತಿದ್ದರು, ಸಂಜೆ ಜೊತೆಗೆ ಬರುವ ಸೊಸೆಗೆ.

ಅವಳು ಎಡಕ್ಕೂ ಬಲಕ್ಕೂ ನೋಡಿ, "ದಾರಿ ಖಾಲಿ ಇದೆ ಮಾವ, ದಾಟಿ" ಎನ್ನಬೇಕು. ಮೊದಮೊದಲು ಇಬ್ಬರಿಗೂ ನಗು. ಆಮೇಲೆ ಹಲ್ಲುಜ್ಜಿದಷ್ಟು ರೂಢಿ.

ಮಳೆ ಬಂದ ಆ ದಿನ ಅವಳ ತಲೆ ಕೆಟ್ಟಿತ್ತು. ಹೊಲಿಗೆ ಯಂತ್ರದಲ್ಲಿ ಯಾರದೋ ಮದುವೆ ಬಟ್ಟೆ ಅರ್ಧಕ್ಕೆ ಬಿದ್ದಿತ್ತು, ಅವರದು ಫೋನಿನ ಮೇಲೆ ಫೋನು. ಮನೆಗೆ ಮರಳುವಾಗ ಮಾವ ಆಚೆ ಅಂಚಿನಲ್ಲಿ ನಿಂತು ಅಪ್ಪಣೆ ಕೇಳಿದರು. ಬೆಂಚಿನ ಮೇಲಿದ್ದ ಹುಡುಗಿಯರು ಕಿಸಕ್ಕೆಂದರು.

"ಸಾಕು ಮಾಡಿ ಈ ನಾಟಕ! ಯಾವ ವಿಮಾನ ಬರುತ್ತೆ ಇಲ್ಲಿ? ದಾಟೋದಾದ್ರೆ ದಾಟಿ, ಇಲ್ಲಾಂದ್ರೆ ಅಲ್ಲೇ ಬಿದ್ದಿರಿ!"

ಹಾಗೆಂದವಳೇ ತಾನು ದಾಟಿ ಸರಸರ ಮನೆಗೆ ನಡೆದಳು. ಹಿಂದೆ ಬರುತ್ತಾರೆ ಬಿಡು ಎಂದುಕೊಂಡಳು. ಮಳೆ ಹಿಡಿದಾಗಲೂ ಹಾಗೇ ಅಂದುಕೊಂಡು ಹೊಲಿಯುತ್ತ ಕೂತಳು. ಕತ್ತಲಾಗುವ ಹೊತ್ತಿಗೆ ಗಂಡನೇ ಹೋಗಿ ಅಪ್ಪನನ್ನು ಹೊತ್ತುಕೊಂಡು ಬಂದ. ಹಿಡಿದ ಜ್ವರ ಬಿಡಲೇ ಇಲ್ಲ. ಮಲಗಿದಲ್ಲಿಂದಲೂ ಮಾವ ಅವಳ ಮೇಲೆ ಒಂದು ಚಾಡಿ ಹೇಳಲಿಲ್ಲ.

*

ರನ್‌ವೇಯ ಟಾರಿನ ಅಂಚಿಗೆ ಬಂದೊಡನೆ ಪೆಟ್ಟಿಗೆ ಹೊತ್ತವರು ಗಕ್ಕನೆ ನಿಂತರು. ಹೆಚ್ಚಿನವರು ಹಳೇ ನಿಲ್ದಾಣದಲ್ಲಿ ದುಡಿದವರೇ. ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಯಾಕ್ರಪ್ಪಾ ನಿಂತ್ರಿ?" ಎಂದ ಗಂಡ.

ಚಹಾದಂಗಡಿಯವನು ಹೆಗಲು ಬದಲಿಸಿ ಸೊಸೆಯ ಕಡೆ ತಿರುಗಿದ. "ನೀವೇ ಹೇಳ್ಬೇಕಮ್ಮ. ಆ ದಿನ ನಾನೂ ಕೊಡೆ ಹಿಡ್ಕೊಂಡು ಹೋಗಿ, ದಾರಿ ಖಾಲಿ ಇದೆ ಯಜಮಾನ್ರೇ, ನಡೀರಿ ಅಂದೆ. ಜಪ್ಪಯ್ಯ ಅಂದ್ರೂ ಕದಲಲಿಲ್ಲ. ನಮ್ಮ ಟವರಮ್ಮನಿಗೆ ಏನೋ ಅವಸರ, ಈಗ ಬಂದು ಹೇಳ್ತಾಳೆ ಅಂದ್ರು."

ನಾದಿನಿ ಗಕ್ಕನೆ ತಲೆಯೆತ್ತಿದಳು. "ನೀವು ಅಲ್ಲೇ ನಿಂತು ಕರೆದೆ ಅಂದ್ರಲ್ಲ, ಅತ್ತಿಗೆ?"

"ಕರೀಲಿಲ್ಲ," ಎಂದಳು ಸೊಸೆ. "ಬೈದು, ಬಿಟ್ಟು ಬಂದೆ."

ಸೈಕಲ್ಲಿನ ಮಕ್ಕಳೂ ಕಾಲೂರಿ ನಿಂತಿದ್ದರು. ಪೆಟ್ಟಿಗೆಯ ಭಾರಕ್ಕೆ ಹೊತ್ತ ಮುದುಕರ ಬೆನ್ನು ಬಾಗಿತ್ತು, ಆದರೂ ಒಬ್ಬರೂ ಮುಂದೆ ಹೆಜ್ಜೆ ಇಡಲಿಲ್ಲ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ದಾರಿ ಖಾಲಿ ಇದೆ ಮಾವ," ಎಂದಳು. "ದಾಟಿ."

ಪೆಟ್ಟಿಗೆ ದಾಟಿತು. ನಾದಿನಿ ದಾಟಿದಳು. ಗಂಡ ಹಿಂದಕ್ಕೆ ತಿರುಗಿಯೂ ನೋಡದೆ ದಾಟಿದ. ಸೊಸೆ ಟಾರಿನ ಅಂಚಿಗೆ ಚಪ್ಪಲಿ ತಾಗಿಸಿ ನಿಂತಳು. ದಾರಿ ಖಾಲಿಯೇ ಇತ್ತು. ಆಚೆಯಿಂದ ಯಾರಾದರೂ ಒಂದು ಮಾತು ಹೇಳಲಿ ಎಂದು ಅವಳು ನಿಂತೇ ಇದ್ದಳು.