ಬೆನ್ನಿಗೆ ಬಿದ್ದ ಗುಂಡು

ನಮ್ಮಕ್ಕ ಓರ್ಲೀನಾ ಬರೆದ ನಾಲ್ಕು ಐತಿಹಾಸಿಕ ಕಾದಂಬರಿಗಳಿಗೂ ನಮ್ಮ ಅಜ್ಜ ಹೋಬಾರ್ಟನೇ ನಾಯಕ. ಮೊದಲನೆಯದರಲ್ಲಿ ಅವನು ಹಳ್ಳದ ದಂಡೆಯಲ್ಲಿ ವೈರಿ ಮನೆತನದ ಲೀವೈ ಟ್ಯಾಕೆಟ್‌ನ ಎದುರು ನಿಂತು, ‘ಮೊದಲು ನೀನು ಹೊಡಿ’ ಎಂದು ಹೇಳಿ, ಆಮೇಲೆ ಅವನನ್ನು ಕೊಲ್ಲುತ್ತಾನೆ. ಕೆಂಟಕಿಯ ನಮ್ಮ ಕಣಿವೆಯಲ್ಲಿ ಆ ಪುಟ ಬಾಯಿಪಾಠ ಬಾರದವರಿಲ್ಲ. ನಮ್ಮ ಮನೆತನಕ್ಕೆ ಮರ್ಯಾದೆ ಅಂತ ಬಂದದ್ದೇ ಆ ಪುಸ್ತಕದಿಂದ, ಸುಳ್ಳೇಕೆ ಹೇಳಲಿ.

ಪತ್ರಿಕೆಗೆ ಅವಳು ಮನೆಮಂದಿಯ ಬಗ್ಗೆ ತಮಾಷೆಯ ಪ್ರಬಂಧಗಳನ್ನೂ ಬರೆಯುತ್ತಿದ್ದಳು. ಮೇ ತಿಂಗಳಲ್ಲಿ ನಾವೆಲ್ಲ ಸೇರಿ ಹಿರಿಯರ ಸಮಾಧಿಗಳ ಕಳೆ ಕಿತ್ತು, ಹೂವಿಟ್ಟು, ಅಲ್ಲೇ ಊಟ ಮಾಡುವ ದಿನ ಒಂದು ಹೊಸ ಪ್ರಬಂಧವನ್ನು ಗಟ್ಟಿಯಾಗಿ ಓದುವುದು ಅವಳ ಪದ್ಧತಿ. ಈ ಸಲವೂ ಎಲ್ಲರೂ ಕೋಳಿಯ ತಟ್ಟೆ ಹಿಡಿದು, ನಗುವುದಕ್ಕೆಂದೇ ಕೂತಿದ್ದರು.

“ಅಜ್ಜ ಲೀವೈಯ ಬೆನ್ನಿಗೆ ಗುಂಡು ಹೊಡೆದ,” ಎಂದು ಓದಿದಳು. “ಲೀವೈ ಹಸುವಿನ ಹಾಲು ಕರೆಯುತ್ತಿದ್ದ. ಅವನ ಹತ್ತಿರ ಬಂದೂಕಿರಲಿಲ್ಲ.”

“ಅಕ್ಕ, ಸಾಕು ಮಾಡು,” ಎಂದೆ.

“ಅಜ್ಜಿ ಸಾಯೋ ಮುಂಚೆ ನಂಗೆ ಹೇಳಿದ್ದು ಕಣೋ ವರ್ಜಿಲ್. ನನ್ನ ಪುಸ್ತಕದಲ್ಲಿ ಲೀವೈನ ಖಳನಾಯಕ ಮಾಡಿದ್ದಕ್ಕೆ ಅವನ ಮೊಮ್ಮಕ್ಕಳು ಊರಲ್ಲಿ ತಲೆ ತಗ್ಗಿಸ್ಕೊಂಡು ಓಡಾಡ್ತಾರೆ.”

“ಟ್ಯಾಕೆಟ್ ಮನೆಯವರ ಉಪ್ಪು ತಿಂದಿದೀಯಾ?”

“ಅಜ್ಜನ ಉಪ್ಪು ತಿಂದು ನಾಲ್ಕು ಪುಸ್ತಕ ಬರೆದಾಯ್ತು. ಇದು ಸೋಮವಾರ ಪತ್ರಿಕೆಗೆ ಹೋಗುತ್ತೆ.”

ನನ್ನ ಮೈಯೆಲ್ಲ ಉರಿದುಹೋಯಿತು. ಅವಳ ಬಲಗೈಯನ್ನು ಅಜ್ಜನ ಸಮಾಧಿಗಲ್ಲಿಗೆ ಒತ್ತಿ ಹಿಡಿದು, ಗುದ್ದಲಿಯ ಕಾವಿನಿಂದ ಹೊಡೆದೆ. ಎರಡನೇ ಏಟಿಗೆ ಮೂಳೆ ಮುರಿದ ಸದ್ದು ಕೇಳಿಸಿತು. ಕೇಳಿಸಿದ ಮೇಲೂ ಇನ್ನೊಂದು ಹೊಡೆದೆ. ಅಜ್ಜನ ಹೆಸರಿನ ಮೇಲೆ ರಕ್ತ ಇಳಿಯಿತು. ಅವಳ ಹಾಳೆಗಳನ್ನು ಹರಿದು ಚೂರುಚೂರು ಮಾಡಿದೆ. ಜನ ನನ್ನನ್ನು ಹಿಡಿದೆಳೆದರು. ಅವರಲ್ಲೇ ಇಬ್ಬರು ಬೆನ್ನು ತಟ್ಟಿದರು, ಪಾಪಿಗಳು.

ಡಾಕ್ಟರ ಹತ್ತಿರ ಅವಳು ಮೆಟ್ಟಿಲಿಂದ ಬಿದ್ದೆ ಎಂದಳು. ಸದ್ಯ ಬದುಕಿಕೊಂಡೆ ಅಂದುಕೊಂಡೆ. ನಾಚಿಕೆಗೆಟ್ಟವನು ನಾನು.

ಮರುದಿನ ಕರೆಸಿದಳು. ಕೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಮೇಜಿನ ಮೇಲೆ ಹಾಳೆ, ಪೆನ್ನು.

“ಕ್ಷಮಿಸು ಅಕ್ಕ...”

“ಅದೆಲ್ಲ ಬೇಡ. ನಾನು ಹೇಳ್ತೀನಿ, ನೀನು ಬರಿ.”

ಕೂತು ಬರೆದೆ. ‘ಬೆನ್ನಿಗೆ’ ಎಂಬುದನ್ನೂ ಬರೆದೆ. ಹಸು, ಹಾಲು, ಲೀವೈ, ಎಲ್ಲ ಮುಗಿಯಿತು.

“ಇನ್ನೊಂದು ಸಾಲಿದೆ,” ಎಂದಳು. “‘ಇದನ್ನು ಓದಿದ್ದಕ್ಕೆ ನನ್ನ ತಮ್ಮ ವರ್ಜಿಲ್ ನನ್ನ ಕೈ ಮುರಿದ.’”

“ಡಾಕ್ಟರಿಗೆ ಬಿದ್ದೆ ಅಂದ್ಯಲ್ಲ?”

“ತಪ್ಪು ಮಾಡಿದೆ. ಬರಿ.”

ಬರೆದೆ. ‘ಮೂರು ಏಟು ಹೊಡೆದು’ ಎಂಬುದನ್ನು ಅವಳು ಹೇಳಿರಲಿಲ್ಲ, ನಾನೇ ಸೇರಿಸಿದೆ.