ಬೈಗುಳ ಬೀಳದ ಬೇಲಿ

ದೀಪಾವಳಿ ಕಳೆದು ಸೌತೆಯ ಬಳ್ಳಿ ಒಣಗಿತೆಂದರೆ ಕೊಡ್ಲಿಪೇಟೆ ಕಡೆಯ ಆ ಕೇರಿಯಲ್ಲಿ ಕಳ್ಳತನ ಶುರುವಾಗುತ್ತಿತ್ತು. ಸೌತೆಬೀಜವನ್ನು ಕೇಳಿ ಪಡೆಯುವಂತಿಲ್ಲ, ಕರೆದು ಕೊಡುವಂತಿಲ್ಲ. ಬೀಜಕ್ಕೆಂದು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟ ಕಾಯನ್ನು ಬೇಲಿ ಸರಿಸಿ ಕದ್ದು ತರಬೇಕು. ಮಾರನೆಯ ಬೆಳಿಗ್ಗೆ ತೋಟದ ಯಜಮಾನಿ ಬೀದಿಗೆ ಬಂದು ಕಳ್ಳಿಯನ್ನು ಬಾಯ್ತುಂಬ ಬೈಯಬೇಕು. ಬೈದರೇ ಬೀಜ ಮೊಳೆಯುವುದು. ಮಣ್ಣಿನೊಳಗೆ ಮುಸುಕೆಳೆದು ಮಲಗಿದ ಬೀಜಕ್ಕೆ ಮೆಲುಮಾತು ಕೇಳಿಸುವುದಿಲ್ಲವಂತೆ.

ಗುರುಸಿದ್ದಮ್ಮನ ಬೈಗುಳ ಕೇಳಲು ಹೆಂಗಸರು ಸೆಗಣಿಗೈಯಲ್ಲೇ ಓಡಿ ಬರುತ್ತಿದ್ದರು. ಕಳ್ಳಿ ಯಾರೆಂದು ಹುಡುಕಬೇಕಿರಲಿಲ್ಲ, ಸೆರಗು ಬಾಯಿಗಿಟ್ಟು ನಗುತ್ತ ನಿಂತವಳೇ ಅವಳು. ಆದರೆ ಈ ಸಲ ಗುರುಸಿದ್ದಮ್ಮನ ಬೇಲಿಯ ಒಂದು ಮುಳ್ಳೂ ಅಲುಗಿರಲಿಲ್ಲ. ಕಳ್ಳಿಯರೆಲ್ಲ ಪಕ್ಕದ ಮನೆಗೆ ನುಗ್ಗಿದ್ದರು.

ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಪ್ರೇಮಾವತಿ. ತವರಿನ ಬಿಳಿಸೌತೆ ಹಾಕಿದ್ದಳು, ಮೊಳದುದ್ದ, ಕಹಿಯ ಸುಳಿವೇ ಇಲ್ಲ. ಗಂಡ ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹೆಂಡತಿಗೆಂದು ಸೀಮೆಯ ಹೊಸ ಗುದ್ದಲಿ ತಂದುಕೊಟ್ಟಿದ್ದ. ಗುರುಸಿದ್ದಮ್ಮನ ಗುದ್ದಲಿಯೋ ಸವೆದು ಸವೆದು ಅಂಗೈಯಷ್ಟಾಗಿತ್ತು. ಮರದ ಕಾವು ಸಡಿಲವಾಗಿ, ನಾಲ್ಕೇಟು ಹಾಕುವಷ್ಟರಲ್ಲಿ ಮತ್ತೆ ಬೆಣೆ ಬಡಿಯಬೇಕು. ಅವಳು ಹಾಗೆ ಬಡಿಯುತ್ತ, ಚಪ್ಪರದ ಬಿದಿರಿನ ಗಳಗಳನ್ನು ಕೀಳುತ್ತ ಇದ್ದಾಗ ಬೀದಿಯಲ್ಲಿ ಪ್ರೇಮಾವತಿಯ ದನಿ ಕೇಳಿತು. ಯಾರೋ ತಗೊಂಡು ಹೋಗಿದ್ದೀರಿ, ಹುಷಾರಾಗಿ ಬಿತ್ತಿಕೊಳ್ಳಿ ಎನ್ನುತ್ತಿದ್ದಳು. ಅದೂ ಒಂದು ಬೈಗುಳವೇ? ಹೆಂಗಸರು ಮಗುವಿನ ತೊದಲು ಕೇಳಿದವರ ಹಾಗೆ ನಗುತ್ತಿದ್ದರು. ಗುರುಸಿದ್ದಮ್ಮ ಬೆಣೆಯನ್ನು ಬಿಟ್ಟು ಹೆಬ್ಬೆರಳಿಗೆ ಬಡಿದುಕೊಂಡಳು.

ಆಮೇಲೆ ಅವಳು ತಾನೇ ಬೇಲಿಯ ಮುಳ್ಳು ತೆಗೆದು ಕರು ನುಗ್ಗುವಷ್ಟು ಕಂಡಿ ಮಾಡಿದಳು. ಆ ಕಂಡಿಯ ಬಾಯಲ್ಲೇ, ಹುಲ್ಲಿನ ಮೇಲೆ, ಬಂಗಾರದ ಬಣ್ಣಕ್ಕೆ ತಿರುಗಿದ ಬೀಜದ ಸೌತೆ ಮಲಗಿತ್ತು. ಯಾರೂ ಬರಲಿಲ್ಲ. ಎದುರುಮನೆಯ ಬೋಜಮ್ಮ ಮಾತ್ರ ಸೆರಗಿನಡಿ ಬಿಳಿಸೌತೆ ಉಬ್ಬಿಸಿಕೊಂಡು ಆ ಕಂಡಿಯ ಮುಂದೆಯೇ ಹಾದುಹೋದಳು. ಗುರುಸಿದ್ದಮ್ಮನಿಗೆ ತಡೆಯಲಾಗಲಿಲ್ಲ.

"ನನ್ ಬೇಲಿ ನಿನ್ ಕಣ್ಣಿಗ್ ಬೀಳ್ಲಿಲ್ವೇನೆ?"

"ನಿನ್ ಬೀಜ ಎಲ್ಲಾರ್ ಮನೇಲೂ ಐತಲ್ಲಕ್ಕ," ಎಂದಳು ಬೋಜಮ್ಮ. "ಮನೇಲಿ ಇರೋದ್ನ ಯಾರಾದ್ರೂ ಕದೀತಾರಾ?"

ಮಾತು ನಿಜ. ಕೇರಿಯ ಚಪ್ಪರಗಳಲ್ಲೆಲ್ಲ ಇಷ್ಟು ವರ್ಷ ತೂಗಿದ್ದು ಅವಳ ಸೌತೆಯೇ. ಆದರೆ ಹೊಟ್ಟೆಯುರಿ ನಿಜದಿಂದ ತಣಿಯುವಂಥದ್ದಲ್ಲ. ಆ ಸಂಜೆ ಗುರುಸಿದ್ದಮ್ಮ ತನ್ನ ಸೌತೆಹಣ್ಣನ್ನು ತಾನೇ ಕಿತ್ತು ರಾಗಿಯ ಗುಡಾಣದಲ್ಲಿ ಹೂತಿಟ್ಟಳು. ಬೆಳಿಗ್ಗೆ ಬೀದಿಯಲ್ಲಿ ನಿಂತು ಸೊಂಟಕ್ಕೆ ಸೆರಗು ಬಿಗಿದಳು.

"ನನ್ ಸೌತೆ ಕದ್ದೋಳ ಒಲೆ ಹೊಗೆ ಕಾರ್ಲಿ, ರೊಟ್ಟಿ ಹಂಚಿಗೆ ಅಂಟ್ಲಿ, ಅವಳ ಗಂಡನ ಗೊರಕೆಗೆ ಅಟ್ಟದ ಇಲಿಗಳೆಲ್ಲ ಊರು ಬಿಡ್ಲಿ."

ಹೆಂಗಸರು ಓಡಿ ಬಂದರು, ನಕ್ಕರು. ಆದರೆ ಯಾರೂ ಸೆರಗನ್ನು ಬಾಯಿಗಿಡಲಿಲ್ಲ. ನೀನಾ, ನೀನಾ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಡುಹಂದಿ ತಿಂದಿರಬೇಕು ಎಂದಳು ಬೋಜಮ್ಮ. ಗುರುಸಿದ್ದಮ್ಮನ ಕಿವಿ ಬಿಸಿಯಾಯಿತು. ಆಗ ಪ್ರೇಮಾವತಿ ನಿಧಾನವಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನೇ ಕಣತ್ತೆ."

ಕೇರಿಗೆ ಕೇರಿಯೇ ಘೊಳ್ಳೆಂದಿತು. ಗುರುಸಿದ್ದಮ್ಮ ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿ ಇಳಿಬಿಟ್ಟಳು. ಕದಿಯದ ಹುಡುಗಿ ಕದ್ದೆನೆಂದು ಗುರುಸಿದ್ದಮ್ಮನ ಮಾನ ಉಳಿಸಿದ್ದಳು. ಇದನ್ನೂ ಇವಳ ಕೈಯಿಂದಲೇ ಇಸಿದುಕೊಳ್ಳಬೇಕೆ?

ಇನ್ನು ಆ ಹಣ್ಣು ಪಕ್ಕದ ತೋಟ ಸೇರದೆ ವಿಧಿಯಿರಲಿಲ್ಲ. ಬರುವ ಮಳೆಗೆ ಅಲ್ಲಿ ತನ್ನ ಸೌತೆ ಹಬ್ಬದಿದ್ದರೆ ಇಬ್ಬರ ಸುಳ್ಳೂ ಬಯಲಾಗುತ್ತದೆ. ಕೇರಿಯವರು ಬಟ್ಟೆ ಒಗೆಯಲು ಹೊಳೆಗೆ ಹೋದ ಹೊತ್ತಿನಲ್ಲಿ ಗುರುಸಿದ್ದಮ್ಮ ಹಣ್ಣನ್ನು ಸೆರಗಿನಡಿ ಇಟ್ಟುಕೊಂಡು ಬೇಲಿ ದಾಟಿದಳು. ಪ್ರೇಮಾವತಿ ಅಲ್ಲೇ ಒಣಬಳ್ಳಿಗಳನ್ನು ಸುಡಲು ಗುಡ್ಡೆ ಹಾಕುತ್ತಿದ್ದಳು. ಉಬ್ಬಿದ ಸೆರಗನ್ನು ನೋಡಿದಳು. ಹಾಲು ಉಕ್ಕುತ್ತದೆ ಎನ್ನುತ್ತ ಒಳಗೆ ಹೋದಳು. ಅವರ ಒಲೆಯಲ್ಲಿ ಹೊಗೆಯೇ ಇರಲಿಲ್ಲ.

ಹಣ್ಣು ಇಟ್ಟು ಗುರುಸಿದ್ದಮ್ಮ ಹೊರಟುಬಿಡಬಹುದಿತ್ತು. ಕಳ್ಳಿಯರು ಬಿಟ್ಟುಹೋದ ಬಿಳಿಸೌತೆಗಳು ಬಳ್ಳಿಯಲ್ಲಿ ಬಿಸಿಲಿಗೆ ಹೊಳೆಯುತ್ತಿದ್ದವು. ಕೈ ತಾನಾಗಿ ಹೋಗಿ ಎಲ್ಲಕ್ಕಿಂತ ದೊಡ್ಡದನ್ನೇ ಕಿತ್ತಿತು.

ಮರುದಿನ ಅವಳು ಬೆಳಗಿನಿಂದ ಬೈಗುಳಕ್ಕೆ ಕಾದಳು. ಪ್ರೇಮಾವತಿ ಅಂಗಳ ಗುಡಿಸಿದಳು, ನೀರು ಹೊತ್ತಳು, ಬಾಯಿ ಬಿಡಲಿಲ್ಲ. ಬಿಸಿಲೇರಿತು. ಬೈಯದ ಬೀಜ ಮೊಳೆಯುವುದುಂಟೆ? ಕೊನೆಗೆ ಗುರುಸಿದ್ದಮ್ಮನೇ ಬೇಲಿಗೆ ಹೋದಳು.

"ನಿನ್ ತೋಟದಾಗೆ ಏನೂ ಕಾಣೆಯಾಗಿಲ್ವೇನೆ?"

"ಇಲ್ಲತ್ತೆ."

"ಸರ್ಯಾಗಿ ನೋಡು."

ಪ್ರೇಮಾವತಿ ನೆಲ ನೋಡಿದಳು. "ನಿಮ್ಮನ್ನ ಹೆಂಗ್ ಬೈಲಿ?"

"ಬಾಯಲ್ಲಿ ಬೈ."

ಹುಡುಗಿ ಬೀದಿಗೆ ಬಂದು ಮೆಲ್ಲಗೆ ಏನೋ ಅಂದಳು. ಕೇಳಿಸಲಿಲ್ಲ ಎಂದಳು ಗುರುಸಿದ್ದಮ್ಮ. ದನಿ ಏರಿತು.

"ನನ್ ಸೌತೆ ಕದ್ದೋಳ ಹಸು ಪಕ್ಕದ್ಮನೇಲಿ ಹಾಲು ಕರೀಲಿ, ಅವಳ ಕೋಳಿ ಕಂಡೋರ ಅಟ್ಟದಲ್ಲಿ ಮೊಟ್ಟೆ ಇಡ್ಲಿ, ಅವಳಿಗೆ ನನ್ನಂಥ ಸೊಸೇನೇ ಸಿಕ್ಲಿ."

ಬಾಗಿಲುಗಳು ಪಟಪಟನೆ ತೆರೆದವು. ಹೆಂಗಸರು ಬಿದ್ದು ಬಿದ್ದು ನಕ್ಕರು. ಗುರುಸಿದ್ದಮ್ಮ ಕಳ್ಳಿ ನಿಲ್ಲಬೇಕಾದ ಹಾಗೆಯೇ ಸೆರಗನ್ನು ಬಾಯಿಗಿಟ್ಟು ನಿಂತಳು. ಸೆರಗಿನ ಹಿಂದೆ ತುಟಿ ಕಚ್ಚಿಕೊಂಡಿದ್ದಳು. ಆ ಕೊನೆಯ ಮಾತು ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ತನಗೆ ಹೊಳೆಯಬಾರದಿತ್ತೆ?